ಬಾಗಿದರೆ ತಗ್ಗುವ ಎದೆನೋವು

ಚಾಪೆ ಹೆಣೆಯಲು ಕೂತರೆ ತೆಲೆಸಿಯಾಳ ಎದೆನೋವು ತಗ್ಗುತ್ತದೆ. ಮಲಗಿದರೆ ಮರಳಿ ಬರುತ್ತದೆ. ಅತ್ತೆ ವಿಕಾಗೆ ಇದು ನಂಬುವ ಮಾತೇ ಅಲ್ಲ.

ಟೊಂಗಾದ ಆ ಪುಟ್ಟ ದ್ವೀಪದಲ್ಲಿ ಹೆಂಗಸರು ಒಟ್ಟಾಗಿ ಕೂತು, ಮುಂದಕ್ಕೆ ಬಾಗಿ, ಕೇದಗೆ ಗರಿಯ ಚಾಪೆ ಹೆಣೆಯುತ್ತಾರೆ. ಸೊಸೆಗೆ ಲೂಪಸ್ ಇದೆ, ಅಂದರೆ ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದೆ ಎಂದು ವಿಕಾಗೆ ಗೊತ್ತಿತ್ತು. ಆದರೆ ಅದು ಕೀಲುನೋವು, ಕೆಂಪು ಕೆನ್ನೆಗಳಷ್ಟೇ ಎಂದುಕೊಂಡಿದ್ದಳು.

"ದುಡಿಯುವಾಗ ಇಲ್ಲದ ನೋವು ಮಲಗಿದಾಗ ಎಲ್ಲಿಂದ ಬರುತ್ತಮ್ಮಾ? ನಿಂಗೆ ಚಾಪೆಯೇ ಮದ್ದು. ಕೂತು ಹೆಣಿ!" ಎಂದಳು ವಿಕಾ.

ಹೆಂಗಸರು ನಕ್ಕರು. ಪಕ್ಕದ ಮನೆಯ ಒಫಾ ನಗಲಿಲ್ಲ. ತೆಲೆಸಿಯಾಳ ಪಾಲಿನ ಗರಿಗಳನ್ನು ಸದ್ದಿಲ್ಲದೆ ತನ್ನ ಕಡೆಗೆ ಎಳೆದುಕೊಂಡಳು.

"ಉಸಿರು ಎಳೆದ್ರೆ ಚುಚ್ಚುತ್ತಾ, ಮಗಳೇ?"

"ಚಾಕು ಹಾಕಿದ ಹಾಗೆ, ಅಕ್ಕಾ. ರಾತ್ರಿಯೆಲ್ಲ ದಿಂಬು ತಬ್ಬಿಕೊಂಡು ಕೂತಿರ್ತೀನಿ."

ಒಫಾಳ ಕೈ ನಿಂತಿತು.

"ನನ್ನ ಮಗಳು ಲುಪೆನೂ ಹಾಗೇ ಕೂತಿರ್ತಿದ್ಲು, ವಿಕಾ. ಅವಳಿಗೂ ಲೂಪಸ್ಸೇ. ಎಣ್ಣೆ ಹಚ್ಚಿ ನೀವಿಸಿದ್ವಿ, ಪ್ರಾರ್ಥನೆ ಮಾಡಿಸಿದ್ವಿ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ತಡವಾಗಿತ್ತು. ಹೃದಯದ ಸುತ್ತಲಿನ ಪೊರೆ ಉರಿಯೂತದಿಂದ ಕೆಟ್ಟು, ಒಳಗೆ ನೀರು ತುಂಬಿತ್ತಂತೆ. ಮುಂದಕ್ಕೆ ಬಾಗಿದ್ರೆ ಆ ನೋವು ತಗ್ಗುತ್ತೆ. ಚಾಪೆಯಿಂದ ಅಲ್ಲ."

"ಎಲ್ಲರಿಗೂ ಅದೇ ಆಗಬೇಕಾ?" ವಿಕಾಳ ದನಿ ಇಳಿದಿತ್ತು.

"ಆಗದೇ ಇರಲಿ. ಅದನ್ನ ಡಾಕ್ಟ್ರು ನೋಡಿ ಹೇಳಲಿ. ಈಗಲೇ ಹೊರಡಿ."

ಲುಪೆಯನ್ನು ಸುತ್ತಿ ಮಣ್ಣು ಮಾಡಿದ ಚಾಪೆಯ ಒಂದು ಅಂಚನ್ನು ವಿಕಾಳೇ ಹೆಣೆದಿದ್ದಳು. ಅವಳು ಎದ್ದು ಸೊಸೆಯನ್ನು ಎಬ್ಬಿಸಿದಳು.

ಒಫಾ ದೋಣಿಯವರೆಗೆ ಬಂದಳು. ಆ ಆಸ್ಪತ್ರೆಗೆ ಮತ್ತೆ ಕಾಲಿಡಲು ಅವಳಿಂದಾಗಲಿಲ್ಲ. ಲುಪೆಯ ದಿಂಬನ್ನು ತೆಲೆಸಿಯಾಳ ಮಡಿಲಿಗಿಟ್ಟಳು.

"ಇವಳನ್ನ ಮಲಗಿಸಿ," ಎಂದ ದೋಣಿಯವನು.

"ಬೇಡಪ್ಪ, ಅವಳಿಗಾಗಲ್ಲ," ಎಂದು ವಿಕಾ ಸೊಸೆಯ ಮುಂದೆ ಕೂತು ಬೆನ್ನು ಕೊಟ್ಟಳು. "ಒರಗು, ಮಗಳೇ."

ಆಸ್ಪತ್ರೆಯಲ್ಲಿ ಇಸಿಜಿ, ಸ್ಕ್ಯಾನ್ ಆಯಿತು. ಲುಪೆಗೆ ಆದದ್ದೇ ಇವಳಿಗೂ ಆಗಿತ್ತು, ಆದರೆ ನೀರು ಇನ್ನೂ ಸ್ವಲ್ಪವೇ ಇತ್ತು. ಔಷಧಿ ಶುರುವಾಯಿತು. ಮರುಕಳಿಸಬಹುದು, ಎಚ್ಚರವಿರಲಿ ಎಂದರು ಡಾಕ್ಟರು. ಕೆಲವು ದಿನಗಳ ಮೇಲೆ ತೆಲೆಸಿಯಾ ಲುಪೆಯ ದಿಂಬಿಗೆ ತಲೆಯಿಟ್ಟು ಮಲಗಿದಳು. ವಿಕಾ ಪಕ್ಕದಲ್ಲಿ ಕೂತು, ಒಫಾಳನ್ನು ನೆನೆದು ಅತ್ತಳು.

ಲೂಪಸ್, ಕೀಲುವಾತದಂಥ ಕಾಯಿಲೆ ನಿಮ್ಮ ಮನೆಯಲ್ಲೂ ಯಾರಿಗಾದರೂ ಇರಬಹುದು. ಅವರಿಗೆ ಎದೆ ಚುಚ್ಚಿದರೆ, ಮಲಗಿದಾಗ ಅದು ಹೆಚ್ಚಿ ಬಾಗಿದಾಗ ತಗ್ಗಿದರೆ, ಸೋಮಾರಿತನ ಎನ್ನಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಇರುವ ಕಾಯಿಲೆಯನ್ನು ಮೊದಲೇ ಹೇಳಿ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಗಳಿಗೆಯೂ ಕಾಯಬೇಡಿ. ರಾತ್ರಿಯೆಲ್ಲ ಕೂತೇ ಕಳೆಯುವವರನ್ನು ದಯವಿಟ್ಟು ಒಮ್ಮೆ ಕೇಳಿ: ಯಾಕೆ ಮಲಗುತ್ತಿಲ್ಲ?