ಎಂಜಿನ್ನಿನ ಟಾಕಿ

“ಬೋಳಿಮಗನೆ, ಆ ನೀರು ಮುಟ್ಟಿದ್ರೆ ಕೈ ಕತ್ತರಿಸ್ತೀನಿ.”

ಮ್ಯಾನೇಜರರ ಗದರಿಕೆಗೆ ಬಂಡೆಪ್ಪ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ವಡಾಲದ ಖಾಡಿಯಲ್ಲಿ, ಸಮುದ್ರ ಒಳಚಾಚಿದ ಕೆಸರುನೀರಲ್ಲಿ, ಮಾಲೀಕ ಶೇಟಜಿಯ ಮೋಜಿನ ಬೋಟು ಮುಳುಗಿತ್ತು. ಅದರ ಹಿಂಬದಿಗೆ ತಗುಲಿಸಿದ್ದ ಎರಡು ಎಂಜಿನ್‌ಗಳಲ್ಲಿ ಒಂದಕ್ಕೆ ಹಗ್ಗ ಕಟ್ಟಿ, ಅದನ್ನು ಮೇಲೆತ್ತಿಸಿ, ಈಗಷ್ಟೇ ದಡ ಹತ್ತಿದ್ದ. ಭೀಮಾ ಹೊಳೆಯಲ್ಲಿ ಮುಳುಗಿ ಉಸುಕು ತೆಗೆಯುತ್ತಿದ್ದವನಿಗೆ ಇಲ್ಲಿಯದು ನೀರೇ ಅಲ್ಲ. ಉಪ್ಪು, ಡೀಸೆಲ್, ಗಟಾರ ಎಲ್ಲ ಕುದಿಸಿದ ಕಷಾಯ. ಕಣ್ಣಿಗೆ ಖಾರ ಅರೆದು ಹಚ್ಚಿದ ಹಾಗೆ ಉರಿಯುತ್ತಿತ್ತು. ತೊಳೆದುಕೊಳ್ಳಲು ಒಂದು ಚೊಂಬು ಸಿಹಿನೀರು ಬೇಕಿತ್ತು, ಅಷ್ಟೇ.

ಸಿಹಿನೀರೇನೋ ಎದುರಿಗೇ ಇತ್ತು, ಮೇಲ್ಭಾಗ ಕೊಯ್ದು ತೆಗೆದ ದೊಡ್ಡ ನೀರಿನ ಟಾಕಿಯ ತುಂಬ. ಅದರೊಳಗೆ ಎಂಜಿನ್ ತಲೆ ಮುಳುಗಿಸಿ ಕೂತಿತ್ತು, ಮೇಲೆ ಪೂಜೆಯ ಚೆಂಡುಹೂವಿನ ಮಾಲೆ ತೇಲುತ್ತಿತ್ತು. ಸಮುದ್ರ ಕುಡಿದ ಎಂಜಿನ್ನಿಗೆ ಗಾಳಿ ಸೋಕಿದರೆ ತುಕ್ಕು ಹಿಡಿಯುತ್ತದಂತೆ. ರಿಪೇರಿಯ ಮಿಸ್ತ್ರಿ ಬಂದು ಬಿಚ್ಚುವ ತನಕ ಸಿಹಿನೀರಲ್ಲೇ ಇಡಬೇಕಂತೆ. ಮೈಸೂರು ಕಡೆಯ ಮ್ಯಾನೇಜರ್ ಅನುರಾಗ್ ಸಾಹೇಬರು ಅದಕ್ಕೆಂದೇ ಟ್ಯಾಂಕರ್ ತರಿಸಿದ್ದರು. ದಡದ ಝೋಪಡಿಗಳ ನಲ್ಲಿ ಒಣಗಿ ವಾರವಾಗಿತ್ತು. ನೀರು ತಮಗೇ ಬಂತೆಂದು ಕೊಡ ಹಿಡಿದು ಓಡಿಬಂದ ಹೆಂಗಸರನ್ನು ಸಾಹೇಬರು ಬೈದು ಅಟ್ಟಿದರು. ಬಂಡೆಪ್ಪನ ಹೆಂಡತಿ ಭಾಗವ್ವ ಮಾತ್ರ ಖಾಲಿ ಚೊಂಬು ಹಿಡಿದು ಅಲ್ಲೇ ನಿಂತಿದ್ದಳು.

ಅವಳು ಗಂಡನ ಕಣ್ಣು ತೋರಿಸಿ ಬೇಡಿಕೊಂಡಳು. ಸಾಹೇಬರು ಸಮಾಧಾನದಿಂದಲೇ ತಿಳಿಸಿ ಹೇಳಿದರು: ಇವನ ಮೈಯ ಉಪ್ಪು ಹತ್ತಿದರೆ ಎಂಜಿನ್ ಸತ್ತೇ ಹೋಗುತ್ತದೆ, ಮನುಷ್ಯನಿಗಾದರೆ ಆಸ್ಪತ್ರೆಯಿದೆ, ಅದಕ್ಕೆ ಯಾರಿದ್ದಾರೆ? ಇನ್ನೊಂದು ಎಂಜಿನ್ ಕೆಸರಲ್ಲೇ ಒದ್ದಾಡುತ್ತಿದೆ, ಇವನು ಬೇಗ ಮತ್ತೆ ಮುಳುಗಿ ಹಗ್ಗ ಕಟ್ಟಲಿ.

ಬಂಡೆಪ್ಪ ತಲೆಯಾಡಿಸಿದ. ತಡಕಾಡುತ್ತ ಹೋಗಿ ಟಾಕಿಯ ಅಂಚು ಹಿಡಿದು, ಕಾಲೆತ್ತಿ ಒಳಗಿಳಿದು, ಎಂಜಿನ್ನಿನ ಪಕ್ಕದಲ್ಲಿ ಕೂತುಬಿಟ್ಟ. ಮಾಲೆ ತಾನಾಗಿಯೇ ಅವನ ಕೊರಳಿಗೆ ಬಂತು.

ಸಾಹೇಬರ ಬಾಯಿಂದ ಅವನ ಅವ್ವ, ಅಕ್ಕ, ಇಡೀ ವಂಶ ಹೊರಬಿತ್ತು. ಅದೇ ಹೊತ್ತಿಗೆ ಫೋರ್ಟ್ ಆಫೀಸಿನಿಂದ ಶೇಟಜಿಯ ವಿಡಿಯೋ ಕಾಲ್, ಎಂಜಿನ್ ತೋರಿಸು ಅಂತ. ತೋರಿಸಲೇಬೇಕಾಯಿತು. ಟಾಕಿಯಲ್ಲಿ ಕೂತ ಮನುಷ್ಯನನ್ನು ನೋಡಿ ಶೇಟಜಿ ಕೇಳಿದ್ದು ಒಂದೇ, ನೀರು ಚೆಲ್ಲಲಿಲ್ಲ ತಾನೇ?

“ನಾನೂ ಉಪ್ಪನೀರಾಗಿಂದ ಬಂದಾಂವ ರೀ ಸಾಹೇಬ್ರ,” ಎಂದ ಬಂಡೆಪ್ಪ. “ಮಿಸ್ತ್ರಿ ಬರೂತನಕಾ ಹೊರಗ ತಗದ್ರ ತುಕ್ಕ ಹಿಡೀತೇನಿ.”

ಭಾಗವ್ವ ಚೊಂಬು ಅದ್ದಿ ಗಂಡನ ಕಣ್ಣಿಗೆ ಹೊಯ್ದಳು, ಮತ್ತೆ ಹೊಯ್ದಳು. ಝೋಪಡಿಗಳ ಕಡೆಯಿಂದ ಹೆಂಗಸರು ಕೊಡ ಹಿಡಿದು ತಿರುಗಿ ಬರುತ್ತಿದ್ದರು.

“ಈಗರ ಕಾಣಾಕತ್ತೈತೇನ?” ಎಂದಳು.

ಬಂಡೆಪ್ಪ ಎರಡೂ ಕಣ್ಣು ಅಗಲಿಸಿ ಅತ್ತಲೇ ತಿರುಗಿದ.

“ಕೊಡದ ಸಪ್ಪಳ ಕೇಳಾಕತ್ತೈತಿ,” ಎಂದ. “ಯಾರ ಬರಾಕತ್ತಾರ ನೋಡ.”