ಹೆರದ ಸೂಲಗಿತ್ತಿ

ಕನಸಿನಲ್ಲಿ ಬಂದ ಹೆಂಗಸರು ಏನು ಕೊಟ್ಟರೆಂದು ತಾಯಿ ಮತ್ತೆ ಕೇಳಿದಾಗಲೂ ಇರ್ಮಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಒಂದು ಕತ್ತರಿ, ಒಂದು ಬೋಗುಣಿ ನೀರು. ಬಿಳಿ ಬಟ್ಟೆ ಉಟ್ಟಿದ್ದರು. ಮಂಜಿನೊಳಗಿಂದ ಬಂದು ಮಂಜಿನೊಳಕ್ಕೇ ಹೋದರು. ನೀರು ಬೆಚ್ಚಗಿತ್ತು. ಎದ್ದ ಮೇಲೂ ಅಂಗೈ ಬೆಚ್ಚಗೇ ಇತ್ತು.

ತಾಯಿ ರೊಸೇಲಿಯಾ ಒಲೆಯ ಮುಂದೆ ಕುಳಿತಳು. ಗ್ವಾಟೆಮಾಲಾದ ಆ ಬೆಟ್ಟದೂರಿನಲ್ಲಿ ಸೂಲಗಿತ್ತಿಯನ್ನು ಜನ ಆರಿಸುವುದಿಲ್ಲ, ಕನಸು ಆರಿಸುತ್ತದೆ. ಒಲ್ಲೆ ಎಂದವಳು ಕಾಯಿಲೆ ಬೀಳುತ್ತಾಳೆ. ಇರ್ಮಾಗೆ ಆಗಲೇ ಜ್ವರ ಬಂದು ಬಂದು ಹೋಗುತ್ತಿತ್ತು. ತೊಡಕಿದ್ದದ್ದು ಇನ್ನೊಂದು ಕಟ್ಟಳೆಯಲ್ಲಿ: ತಾನು ಹೆರದವಳು ಹೆರುವವಳ ಹೊಟ್ಟೆ ಮುಟ್ಟುವಂತಿಲ್ಲ. ಹಿಂದೆ ಇದು ಯಾರಿಗೂ ತೊಡಕೆನಿಸಿರಲಿಲ್ಲ. ಇರ್ಮಾಳ ಅಜ್ಜಿ, ಊರಿನ ಸೂಲಗಿತ್ತಿ ಎಸ್ತೆಫಾನಾ, ಹದಿನಾಲ್ಕಕ್ಕೆ ಹೆತ್ತಿದ್ದಳು. ಅವಳ ಮಗಳು ರೊಸೇಲಿಯಾ ಹದಿನಾರಕ್ಕೆ. ಕನಸು ಬೀಳುವ ಹೊತ್ತಿಗೆ ಬೆನ್ನಿನ ಶಾಲಿನಲ್ಲಿ ಮಗು ಇದ್ದೇ ಇರುತ್ತಿತ್ತು. ಇರ್ಮಾಗೆ ಹದಿನೇಳು. ಅವಳ ಬೆನ್ನಿಗಿದ್ದದ್ದು ಶಾಲೆಯ ಚೀಲ. ಓದಿ ಟೀಚರ್ ಆಗುವುದು ಅವಳ ಆಸೆ.

ರೊಸೇಲಿಯಾ ದಾರಿ ಹುಡುಕಿಟ್ಟಿದ್ದಳು. ವಿಲ್ಮರ್ ಎಂಬ ಹುಡುಗ, ಅವನಪ್ಪನ ಪಿಕಪ್ ಗಾಡಿ. ಭಾನುವಾರ ಅವರು ಬ್ರೆಡ್ಡು, ಚಾಕೊಲೇಟು ಹೊತ್ತು ಹೆಣ್ಣು ಕೇಳಲು ಬರುವವರಿದ್ದರು. ಕಾನೂನು ಹದಿನೆಂಟು ಎನ್ನುತ್ತದೆ ನಿಜ, ಆದರೆ ಕಾನೂನಿಗೆ ಕನಸು ಬೀಳುವುದಿಲ್ಲವಲ್ಲ. ಮೊದಲು ಒಂದು ಮಗುವಾಗಲಿ, ಕಚೇರಿಯ ಮದುವೆ ಆಮೇಲಾಗಲಿ ಎಂಬುದು ಅವಳ ವಾದ.

"ನಿಂಗೆ ಜ್ವರ ಹೋಗ್ಬೇಕೋ ಬೇಡ್ವೋ?"

"ಹೋಗ್ಬೇಕಮ್ಮ. ಅದಕ್ಕೆ ವಿಲ್ಮರ್ ಯಾಕೆ? ಅವನೇನು ಗುಳಿಗೆನಾ?"

ಮೂಲೆಯಲ್ಲಿ ಎಸ್ತೆಫಾನಾ ಮೊಣಕಾಲು ನೀವಿಕೊಳ್ಳುತ್ತಿದ್ದಳು. ಹೋದ ತಿಂಗಳು ಸೂಲಗಿತ್ತಿಯರ ಸಭೆಯಲ್ಲಿ ನರ್ಸಮ್ಮ ಗೋಡೆಯ ಚಾರ್ಟಿನ ಮೇಲೆ ಒಂದು ಗೆರೆ ತೋರಿಸಿದ್ದಳು. ಹೆರುವ ಎಳೆ ಹುಡುಗಿಯರ ಲೆಕ್ಕವಂತೆ. ವರ್ಷ ವರ್ಷಕ್ಕೆ ಇಳಿಯುತ್ತಿದೆಯಂತೆ. ನರ್ಸಮ್ಮ ತಾನೇ ಕೈಯಿಂದ ಎಳೆದು ಇಳಿಸಿದವಳಂತೆ ಬೀಗುತ್ತಿದ್ದಳು. ಎಸ್ತೆಫಾನಾಗೆ ಆ ಗೆರೆ ಹೊಳೆಗಿಳಿಯುವ ಕಾಲುದಾರಿಯ ಹಾಗೆ ಕಂಡಿತು. ಬೆನ್ನಿಗೆ ಕೂಸು ಕಟ್ಟಿಕೊಂಡ ಹುಡುಗಿಯರು ಸಾಲಾಗಿ ಇಳಿಯುತ್ತಿದ್ದರು. ಇಳಿಯುತ್ತ ಇಳಿಯುತ್ತ ಸಾಲು ತೆಳುವಾಗಿ, ಕೊನೆಯಲ್ಲಿ ಬರೀ ಮಂಜು. ತನ್ನ ಕೈಯಲ್ಲೇ ಹೆರಲು ಹೋಗಿ ಉಳಿಯದ ಇಬ್ಬರು ಹುಡುಗಿಯರೂ ಆ ಸಾಲಿನಲ್ಲಿದ್ದರು. ಅವರು ಈಗಲೂ ಹದಿನಾಲ್ಕರವರೇ.

ಶನಿವಾರ ಬೆಳಿಗ್ಗೆ ಅದೇ ಊರಿನ ಬಸುರಿ ಲೂಸಿಲಾಗೆ ನೋವು ಶುರುವಾಯಿತು. ಇಪ್ಪತ್ತೇಳಕ್ಕೆ ಚೊಚ್ಚಲು. ಆ ವಯಸ್ಸಿಗೆ ತನಗೆ ಹಲ್ಲು ಬೀಳುತ್ತಿದ್ದವೆಂದು ಅವಳ ಅತ್ತೆ ಕಾಂಡೆಲಾರಿಯಾ ಊರಿಗೆಲ್ಲ ಹೇಳಿ ಮುಗಿಸಿದ್ದಳು. ಎಸ್ತೆಫಾನಾ ಹೊರಟಾಗ ಮಗಳ ಜೊತೆ ಮೊಮ್ಮಗಳನ್ನೂ ಕರೆದಳು. ಇರ್ಮಾಳನ್ನು ಕಂಡು ಕಾಂಡೆಲಾರಿಯಾ ತನ್ನ ಮನೆ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಹೆರದೋರು ಹೊಟ್ಟೆ ಮುಟ್ಟೋ ಹಾಗಿಲ್ಲ ಅಂತ ನಮಗೆಲ್ಲ ಹೇಳಿಕೊಟ್ಟೋಳು ನೀನೇ ಅಲ್ವೇನಕ್ಕಾ?"

"ನಾನೇ. ಆದ್ರೆ ರಾತ್ರಿ ಅವರು ಬಂದಿದ್ರು, ಬಿಳಿ ಬಟ್ಟೆಯೋರು. ಇನ್ಮೇಲೆ ಆ ಕಟ್ಟಳೆ ಬೇಡ ಅಂದ್ರು."

"ಅಷ್ಟೇನಾ? ಯಾಕೆ ಏನು ಅಂತ ಹೇಳ್ಲಿಲ್ವಾ?"

"ಅವಸರದಲ್ಲಿದ್ರು. ಅವರಿಗೂ ನಾಲ್ಕು ಮನೆ ತಿರುಗೋದಿರುತ್ತೆ."

ಸೂಲಗಿತ್ತಿಯ ಕನಸಿಗೆ ಎದುರಾಡುವ ಪದ್ಧತಿ ಅಲ್ಲಿಲ್ಲ. ಎಸ್ತೆಫಾನಾ ಮೊಣಕಾಲು ನೋವಿಗೆ ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಬಿಸಿ ಬಟ್ಟೆಯ ಶಾಖ ಕೊಡುತ್ತ ಪಕ್ಕದಲ್ಲೇ ಕುಳಿತಿದ್ದ ರೊಸೇಲಿಯಾಗೆ ಅದು ಗೊತ್ತಿತ್ತು. ಅವಳು ಬಾಯಿ ತೆರೆದಳು. ತಾಯಿ ತಿರುಗಿ ನೋಡಲಿಲ್ಲ. ಇರ್ಮಾ ನೋಡಿದಳು.

"ದಾರಿ ಬಿಡಕ್ಕಾ," ಎಂದಳು ರೊಸೇಲಿಯಾ. ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ನಾಳೆ ಬರೋದು ಬೇಡ ಅಂತ ವಿಲ್ಮರ್ ಮನೆಗೆ ಹೇಳಿ ಕಳಿಸ್ಬೇಕು."

ಒಳಗೆ ಅರೆಗತ್ತಲು, ಒಲೆಯ ಹೊಗೆ. ಎಸ್ತೆಫಾನಾ ಮೊಮ್ಮಗಳ ಕೈಗಳನ್ನು ಲೂಸಿಲಾಳ ಹೊಟ್ಟೆಯ ಮೇಲಿಟ್ಟು, ಸ್ವಲ್ಪ ಹೊತ್ತು ಮೇಲಿಂದ ಒತ್ತಿ ಹಿಡಿದು, ತನ್ನ ಕೈ ತೆಗೆದಳು. ಇರ್ಮಾ ಕಣ್ಣು ಮುಚ್ಚಿದಳು. ಚರ್ಮದಡಿ ಏನೋ ನಿಧಾನವಾಗಿ ಹೊರಳಿತು.

"ನಿದ್ದೆ ಮಾಡ್ತಿದೆಯಾ ಅಜ್ಜಿ?"

"ಇಲ್ಲ. ಕೇಳಿಸ್ಕೊಳ್ತಿದೆ."

ಆಮೇಲೆ ಕೋಣೆಯಲ್ಲಿದ್ದವರೆಲ್ಲ, ಕಾಂಡೆಲಾರಿಯಾ ಕೂಡ, ದನಿ ತಗ್ಗಿಸಿ ಮಾತಾಡತೊಡಗಿದರು.