ಕಿತ್ತುಕೊಳ್ಳಲಾಗದ ಸಿಮ್

ಮಸ್ಕತ್ತಿನಲ್ಲಿ ಮನೆಗೆಲಸಕ್ಕೆ ಹೋದ ಪುಷ್ಪಾವತಿಯ ಕರಾರು ಮುಗಿದು ಐದು ತಿಂಗಳಾಗಿತ್ತು. ಪಾಸ್‌ಪೋರ್ಟ್ ಯಜಮಾನನ ಕಪಾಟಿನಲ್ಲಿತ್ತು, ಸಿಮ್ ಅವನ ಹೆಸರಿನಲ್ಲಿತ್ತು. ಯಾರದೋ ಫೋನಿನಿಂದ ಅವಳು ಅಕ್ಕನಿಗೆ ಕಳಿಸಿದ್ದು ಮಾತಲ್ಲ, ಮ್ಯಾಪಿನ ಮೇಲೆ ಒಂದು ಕೆಂಪು ಗುರುತು.

ಅಕ್ಕ ಹರಿಣಾಕ್ಷಿ ಕಾಪುವಿನಲ್ಲಿ ಮೀನು ಮಾರುವವಳು. ತಾನೇ ಹೋಗಿ ತಂಗಿಯನ್ನು ಆ ಮನೆಯಿಂದ ನೇರ ರಾಯಭಾರ ಕಚೇರಿಗೆ ಕರೆದೊಯ್ಯುತ್ತೇನೆಂದು ಹೊರಟಳು. ಅಲ್ಲಿ ಫೋನಿಗೆ ಎಂತ ಮಾಡುವುದೆಂದು ಕೇಳಿದ್ದಕ್ಕೆ, ವೀಸಾ ಮಾಡಿಸಿದ ಏಜೆಂಟ್ ಧರ್ಮಪಾಲ ನಕ್ಕ.

"ಇಳಿದ ಕೂಡಲೇ ನಮ್ಮ ಜನ ಸಿಮ್ ಕೊಡ್ತಾರೆ. ನಿಮಗೆ ಎಂತಕ್ಕೆ ತಲೆಬಿಸಿ?"

ಪುಷ್ಪಾವತಿಗೂ ಅವನು ಇದೇ ಮಾತು ಹೇಳಿದ್ದ. ದುಡಿಯಲು ಹೋದ ಹೆಂಗಸಿನ ಬಾಯಿ ಕಟ್ಟಲು ಹಗ್ಗ ಬೇಡ, ಉಗುರಿನಷ್ಟು ಪ್ಲಾಸ್ಟಿಕ್ ಚೂರು ಸಾಕು. ಅದನ್ನು ಕೊಡುವವನು ಕಿತ್ತುಕೊಳ್ಳಲೂ ಬಲ್ಲ.

ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಓದುವ ಆಶ್ರಿತಾ ಪುಷ್ಪಾವತಿಯ ಮಗಳು. ಕಣ್ಣಿಗೆ ಕಾಣದ ಸಿಮ್ ಉಂಟೆಂದು ದೊಡ್ಡಮ್ಮನಿಗೆ ತಿಳಿಸಿದವಳು ಅವಳೇ. ಇ-ಸಿಮ್ಮನ್ನು ಇಲ್ಲೇ ಫೋನಿಗೆ ಇಳಿಸಿಕೊಂಡರೆ ಅಲ್ಲಿ ಇಳಿದೊಡನೆ ಡೇಟಾ ಬರುತ್ತದೆ, ಯಾರ ಕೈಯನ್ನೂ ಕಾಯಬೇಕಿಲ್ಲ. ದೊಡ್ಡಮ್ಮನ ಹಳೆಯ ಫೋನಿಗೆ ಅದು ಆಗದು. ತನ್ನ ಫೋನನ್ನೇ ಕೊಡುತ್ತೇನೆಂದಳು. ಇ-ಸಿಮ್ ಕೊಂಡು, ಬಂದ ಕ್ಯೂಆರ್ ಕೋಡನ್ನು ಕಾಗದದಲ್ಲಿ ಮುದ್ರಿಸಿ, ಹೊರಡುವ ಮೊದಲು ಸ್ಕ್ಯಾನ್ ಮಾಡುವ, ಜೋಪಾನ ಎಂದು ಕೊಟ್ಟಳು.

ಹರಿಣಾಕ್ಷಿ ಮೀನುಗಾರ್ತಿಯ ಬುದ್ಧಿಯಿಂದಲೇ ಜೋಪಾನ ಮಾಡಿದಳು. ಮೀನಿನ ನೀರು ತಾಗದಂತೆ ಲ್ಯಾಮಿನೇಟ್ ಮಾಡಿಸಿ, ಗಿರಾಕಿಗಳು ಹಣ ಹಾಕುವ ಕೋಡಿನ ಪಕ್ಕದಲ್ಲೇ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದಳು. ಅಂಥ ಚೀಟಿ ಅವಳ ಬಳಿ ಕಳೆದುಹೋಗದ ಜಾಗ ಅದೊಂದೇ.

ಹೊರಡಲು ಎರಡು ದಿನವಿದ್ದಾಗ ಆಶ್ರಿತಾ ಮಾರುಕಟ್ಟೆಗೆ ಬಂದು ಅದನ್ನು ಸ್ಕ್ಯಾನ್ ಮಾಡಿದಳು. ಈ ಕೋಡ್ ಈಗಾಗಲೇ ಬಳಕೆಯಾಗಿದೆ ಎಂದು ಫೋನ್ ತೋರಿಸಿತು. ಒಂದು ಕೋಡ್, ಒಂದೇ ಸಲ.

ಹರಿಣಾಕ್ಷಿಗೆ ಹಿಂದಿನ ದಿನ ಬಂಗುಡೆ ಒಯ್ದ ಗಿರಾಕಿ ಡೆರಿಕ್ ನೆನಪಾದ. ಈ ಕೋಡಿಗೆ ಹಣ ಹೋಗುವುದಿಲ್ಲ, ಫೋನ್ ಎಂತೆಂತದೋ ಕೇಳ್ತದೆ ಎಂದು ಗೊಣಗುತ್ತಾ, ಕೇಳಿದ್ದಕ್ಕೆಲ್ಲ ಆಗಲಿ ಎಂದು ಒತ್ತಿದ್ದ. ಅವನಿಗೆ ಫೋನ್ ಮಾಡಿ ಕೇಳಿದರೆ ನಿಜ. ಅವಳ ಮಸ್ಕತ್ತಿನ ಡೇಟಾ ಕಾಪುವಿನ ಡೆರಿಕ್‌ನ ಫೋನಿನಲ್ಲಿ ಕೂತಿತ್ತು. ಪಾಪದ ಮನುಷ್ಯ, ಇನ್ನೊಂದು ಇ-ಸಿಮ್ಮನ್ನು ತನ್ನ ದುಡ್ಡಿನಲ್ಲೇ ತೆಗೆದುಕೊಟ್ಟ.

ಮರುದಿನ ಹೊಸ ಕೋಡ್ ಬಂದಾಗ ಹರಿಣಾಕ್ಷಿ ಹಾಸ್ಟೆಲಿಗೇ ಹೋದಳು. ತಾನು ಕೊಟ್ಟಿದ್ದ ಫೋನಿಗೆ ಆಶ್ರಿತಾ ಕೈ ಚಾಚಿದಳು. ಹರಿಣಾಕ್ಷಿ ಫೋನ್ ಬಿಡಲಿಲ್ಲ.

"ನೀನು ಹೇಳು. ಒತ್ತುದು ನಾನು. ಅಲ್ಲಿ ನೀನು ಇರ್ತೀಯಾ?"

ಹಾಸ್ಟೆಲಿನ ಗೇಟಿನ ಬಳಿ ಕೂತು, ಆಶ್ರಿತಾಳ ಗೆಳತಿಯ ಫೋನಿನಲ್ಲಿ ಕೋಡ್ ತೆರೆಸಿ, ಹರಿಣಾಕ್ಷಿ ತಾನೇ ಕ್ಯಾಮೆರಾ ಹಿಡಿದಳು. ಹೊಸ ಲೈನಿಗೆ ಪುಷ್ಪಾ ಎಂದು ಹೆಸರಿಟ್ಟಳು. ಊರಿನ ಸಿಮ್ಮಿನ ಡೇಟಾ ಆಫ್, ಪುಷ್ಪಾಳದ್ದು ಆನ್, ಅಲ್ಲಿ ಇಳಿದ ಮೇಲೆ ಅದಕ್ಕೆ ಮಾತ್ರ ರೋಮಿಂಗ್. ಸಂಜೆಯವರೆಗೆ ಹತ್ತು ಸಲ ಆನ್ ಮಾಡಿ ಆಫ್ ಮಾಡಿದಳು. ಹನ್ನೊಂದನೆಯ ಸಲ ಆಶ್ರಿತಾ ಹೇಳಿಕೊಡಬೇಕಾಗಲಿಲ್ಲ.

ಮಸ್ಕತ್ ವಿಮಾನ ನಿಲ್ದಾಣದಲ್ಲಿ ಒಂದು ಗಳಿಗೆ ಸಿಗ್ನಲ್ ಬರಲಿಲ್ಲ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆದಳು. ಪುಷ್ಪಾ ಎಂಬ ಹೆಸರಿನ ಪಕ್ಕ ಗೆರೆಗಳು ಒಂದೊಂದಾಗಿ ಎದ್ದವು. ಕೆಂಪು ಗುರುತು ತೆರೆದುಕೊಂಡಿತು. ಅರ್ಧ ಗಂಟೆಯ ದಾರಿ.

ಹೊರಗೆ ಧರ್ಮಪಾಲನ ಕಡೆಯವನು ಅವಳ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ. ಊರಿನವನೇ.

"ಫೋನ್ ಕೊಡಿ ಅಕ್ಕಾ, ಇದರದ್ದು ತೆಗೆದು ಇಲ್ಲಿಯ ಸಿಮ್ ಹಾಕಿ ಕೊಡ್ತೇನೆ."

"ಇದರಲ್ಲಿ ನಿನಗೆ ತೆಗಿಲಿಕ್ಕೆ ಎಂತದೂ ಇಲ್ಲ ಮಾರಾಯ."

ಅವನು ಹಿಂದೆ ಬರುತ್ತಿದ್ದಂತೆಯೇ ಅವಳು ಟ್ಯಾಕ್ಸಿ ಹತ್ತಿ, ಚಾಲಕನಿಗೆ ಮ್ಯಾಪ್ ತೋರಿಸಿ, ತಾನಿರುವ ಜಾಗವನ್ನು ಮಾರುಕಟ್ಟೆ ಹೆಂಗಸರ ವಾಟ್ಸಾಪ್ ಗುಂಪಿಗೆ ಹಂಚಿದಳು. ಕಾಪುವಿನಲ್ಲಿ ಮೀನಿನ ಪೆಟ್ಟಿಗೆಗಳ ನಡುವೆ ಹನ್ನೆರಡು ಫೋನುಗಳು ಒಮ್ಮೆಗೇ ಸದ್ದು ಮಾಡಿದವು. ಹನ್ನೆರಡರಲ್ಲೂ ಮಸ್ಕತ್ತಿನ ಮ್ಯಾಪಿನ ಮೇಲೆ ಒಂದು ನೀಲಿ ಚುಕ್ಕೆ ಪುಷ್ಪಾವತಿಯ ಕಡೆಗೆ ಹೊರಟಿತ್ತು.